ಒಂದು ಶಾಪ, ಒಂದು ಬಲಿದಾನ
'ಎರಡು ನಗರಗಳ ಕಥೆ'ಯ ಜನರು ಮತ್ತು ಅವರ ಹಿಂದಿನ ಇತಿಹಾಸ



ಜುಲೈ ತಿಂಗಳ ನಡುವೆ ಮೂರು ದಿನಗಳು ಒಂದರ ಬೆನ್ನಿಗೊಂದು ಎಂಬಂತೆ ಬರುತ್ತವೆ. 14ರಂದು ಫ್ರಾನ್ಸ್ ದೇಶ ತನ್ನ ರಾಷ್ಟ್ರೀಯ ದಿನವನ್ನು ಆಚರಿಸುತ್ತದೆ. 1789ರಲ್ಲಿ ಅದೇ ದಿನ ಪ್ಯಾರಿಸ್ಸಿನ ಜನರು ಬಾಸ್ಟಿಲ್ ಕೋಟೆಯನ್ನು ಹಿಡಿದರು. 16ರಂದು ನಾವು ಕಾರ್ಮೆಲ್ ಮಾತೆಯ ಹಬ್ಬವನ್ನು ಕೊಂಡಾಡುತ್ತೇವೆ. 17ರಂದು ಧರ್ಮಸಭೆಯು ಕೊಂಪಿಯೇನ್ ಊರಿನ ಕಾರ್ಮೆಲ್ ಮಠದ 16 ಮಂದಿ ರಕ್ತಸಾಕ್ಷಿಗಳನ್ನು ನೆನೆಯುತ್ತದೆ. ಕೋಟೆ ಬಿದ್ದ ದಿನದಿಂದ ಈ ಸೋದರಿಯರು ಕೊಲ್ಲಲ್ಪಟ್ಟ ದಿನದವರೆಗೆ ಇದ್ದ ಅಂತರ ಐದು ವರ್ಷ ಮಾತ್ರ. ನ್ಯಾಯ ಬೇಕೆಂದು ಎದ್ದ ಜನ ಐದೇ ವರ್ಷಗಳಲ್ಲಿ ನಿರಪರಾಧಿಗಳನ್ನು ವಧಾಸ್ಥಾನಕ್ಕೆ ಕಳುಹಿಸುವ ಹಂತಕ್ಕೆ ಹೇಗೆ ಬಂದರು? ಈ ಪ್ರಶ್ನೆಯನ್ನು ನಮಗೆ ಬಹಳ ಚೆನ್ನಾಗಿ ಕೇಳಿದ ಪುಸ್ತಕ ಒಂದು ಕಾದಂಬರಿ.

ಅದು ಚಾರ್ಲ್ಸ್ ಡಿಕನ್ಸರ 'ಎ ಟೇಲ್ ಆಫ್ ಟು ಸಿಟೀಸ್', ಅಂದರೆ 'ಎರಡು ನಗರಗಳ ಕಥೆ'. ನಮ್ಮಲ್ಲಿ ಅನೇಕರು ಶಾಲಾ ಕಾಲೇಜುಗಳಲ್ಲಿ ಅದರ ಸಂಕ್ಷಿಪ್ತ ರೂಪವನ್ನಾದರೂ ಓದಿರುತ್ತೇವೆ. ಪರೀಕ್ಷೆಗಾಗಿ ಪಾತ್ರಗಳ ಗುಣಸ್ವಭಾವ ಬರೆದು ಮರೆತಿರುತ್ತೇವೆ. ಈ ಹಬ್ಬದ ದಿನಗಳಲ್ಲಿ ಆ ಪಾತ್ರಗಳನ್ನು ಮತ್ತೊಮ್ಮೆ ನಮ್ಮ ಮನೆಯಂಗಳಕ್ಕೆ ಕರೆದು ಮಾತನಾಡಿಸೋಣ.

ಪುಸ್ತಕ ಹುಟ್ಟಿದ ಬಗೆ

ಡಿಕನ್ಸರು 1812ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದವರು. ಸಾಲ ತೀರಿಸಲಾಗದೆ ತಂದೆ ಸೆರೆಮನೆ ಸೇರಿದಾಗ ಬಾಲಕ ಚಾರ್ಲ್ಸ್ ಬೂಟುಗಳಿಗೆ ಹಚ್ಚುವ ಕಪ್ಪು ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ದುಡಿಯಬೇಕಾಯಿತು. ಸೆರೆಮನೆ ಒಂದು ಕುಟುಂಬವನ್ನು ಏನು ಮಾಡುತ್ತದೆ ಎಂಬುದನ್ನು ಅವರು ಪುಸ್ತಕದಿಂದ ಕಲಿತವರಲ್ಲ, ಮನೆಯಲ್ಲೇ ಕಂಡವರು. 1859ರಲ್ಲಿ ತಾವೇ ಆರಂಭಿಸಿದ ವಾರಪತ್ರಿಕೆಯಲ್ಲಿ ಏಪ್ರಿಲಿನಿಂದ ನವೆಂಬರಿನವರೆಗೆ 31 ಕಂತುಗಳಲ್ಲಿ ಈ ಕಥೆಯನ್ನು ಪ್ರಕಟಿಸಿದರು. ಇತಿಹಾಸದ ವಿವರಗಳಿಗೆ ಅವರು ಹೆಚ್ಚಾಗಿ ನೆಚ್ಚಿಕೊಂಡದ್ದು ಥಾಮಸ್ ಕಾರ್ಲೈಲರು 1837ರಲ್ಲಿ ಪ್ರಕಟಿಸಿದ ಫ್ರೆಂಚ್ ಕ್ರಾಂತಿಯ ಇತಿಹಾಸವನ್ನು. ಕಥೆಯ ಬೀಜ ಸಿಕ್ಕಿದ್ದು 1857ರ ಒಂದು ನಾಟಕದಲ್ಲಿ. ತಾನು ಪ್ರೀತಿಸಿದ ಹೆಣ್ಣಿನ ಕೈಹಿಡಿಯಲಿದ್ದವನನ್ನು ಉಳಿಸಲು ಪ್ರಾಣ ಕೊಡುವವನ ಪಾತ್ರವನ್ನು ಅದರಲ್ಲಿ ಡಿಕನ್ಸರೇ ಅಭಿನಯಿಸಿದ್ದರು.

ಹಸಿದವರ ಬೀದಿ

ಕಥೆ 1775ರಲ್ಲಿ ಆರಂಭವಾಗುತ್ತದೆ. ಪ್ಯಾರಿಸ್ಸಿನ ಸೇಂಟ್ ಆಂಟ್ವಾನ್ ಎಂಬ ಬಡವರ ಕೇರಿಯಲ್ಲಿ ದ್ರಾಕ್ಷಾರಸದ ಪೀಪಾಯಿಯೊಂದು ಬಿದ್ದು ಒಡೆಯುತ್ತದೆ. ಕಲ್ಲುಹಾಸಿನ ಸಂದಿಯಲ್ಲಿ ನಿಂತ ರಸವನ್ನು ಜನ ಬೊಗಸೆಯಲ್ಲಿ ಎತ್ತಿ ಕುಡಿಯುತ್ತಾರೆ. ತಾಯಂದಿರು ಬಟ್ಟೆಯಲ್ಲಿ ಅದ್ದಿ ಮಕ್ಕಳ ಬಾಯಿಗೆ ಹಿಂಡುತ್ತಾರೆ. ಒಬ್ಬನು ಆ ಕೆಸರಿನಲ್ಲಿ ಬೆರಳದ್ದಿ ಗೋಡೆಯ ಮೇಲೆ 'ರಕ್ತ' ಎಂದು ಬರೆಯುತ್ತಾನೆ. ಮುಂದೆ ಏನಾಗಲಿದೆ ಎಂಬುದನ್ನು ಆ ಗೋಡೆ ಹೇಳಿಬಿಡುತ್ತದೆ.

ಈ ಹಸಿವು ಕಲ್ಪನೆಯಲ್ಲ. 1788ರ ಜುಲೈ 13ರಂದು ಭಾರಿ ಆಲಿಕಲ್ಲು ಮಳೆ ಉತ್ತರ ಫ್ರಾನ್ಸಿನ ಬೆಳೆಯನ್ನು ಹಾಳುಮಾಡಿತು. ಮುಂದಿನ ಚಳಿಗಾಲ ಅತಿ ಕಠಿಣವಾಗಿತ್ತು. 1789ರ ಆರಂಭದಲ್ಲಿ ಪ್ಯಾರಿಸ್ಸಿನಲ್ಲಿ ನಾಲ್ಕು ಪೌಂಡಿನ ಒಂದು ರೊಟ್ಟಿಯ ಬೆಲೆ ಹದಿನಾಲ್ಕೂವರೆ ಸೂ. ಸಾಮಾನ್ಯ ಕೂಲಿಯವನ ದಿನದ ಸಂಪಾದನೆ 20ರಿಂದ 30 ಸೂ. ಅಂದರೆ ದುಡಿಮೆಯ ಸುಮಾರು ಅರ್ಧ ಅಥವಾ ಅದಕ್ಕೂ ಹೆಚ್ಚು ಪಾಲು ರೊಟ್ಟಿಯೊಂದಕ್ಕೇ ಹೋಗುತ್ತಿತ್ತು. ಇದೇ ಹೊತ್ತಿನಲ್ಲಿ ಶ್ರೀಮಂತ ವರ್ಗ ಮುಖ್ಯ ತೆರಿಗೆಗಳಿಂದ ವಿನಾಯಿತಿ ಪಡೆದಿತ್ತು.

ಇಲ್ಲಿ ನಾವು ಪ್ರಾಮಾಣಿಕರಾಗಿರಬೇಕು. ಧರ್ಮಸಭೆಯೂ ಆ ವ್ಯವಸ್ಥೆಯೊಳಗೆ ಇತ್ತು. ದೇಶದ ಭೂಮಿಯಲ್ಲಿ ಸುಮಾರು ಹತ್ತನೇ ಒಂದು ಪಾಲು ಅದರ ಕೈಯಲ್ಲಿತ್ತು. ರೈತರಿಂದ ದಶಾಂಶ ವಸೂಲಾಗುತ್ತಿತ್ತು. ಧರ್ಮಾಧ್ಯಕ್ಷರು ಬಹುತೇಕ ಎಲ್ಲರೂ ಶ್ರೀಮಂತ ಮನೆತನದವರು, ಹಳ್ಳಿಯ ಗುರುಗಳಾದರೋ ಜನರಷ್ಟೇ ಬಡವರು. ಆದ್ದರಿಂದಲೇ 1789ರ ಜೂನ್ ತಿಂಗಳಲ್ಲಿ ಅನೇಕ ಹಳ್ಳಿ ಗುರುಗಳು ತಮ್ಮ ವರ್ಗವನ್ನು ಬಿಟ್ಟು ಸಾಮಾನ್ಯ ಜನರ ಪ್ರತಿನಿಧಿಗಳ ಜೊತೆ ಹೋಗಿ ಕುಳಿತರು. ಬದಲಾವಣೆ ಬೇಕೆಂದವರೆಲ್ಲ ಧರ್ಮವಿರೋಧಿಗಳಾಗಿರಲಿಲ್ಲ ಎಂಬುದನ್ನು ಮರೆಯಬಾರದು.

ಕಾದಂಬರಿಯಲ್ಲಿ ಈ ಹಳೆಯ ವ್ಯವಸ್ಥೆಯ ಮುಖ ಎವ್ರೆಮೊಂಡ್ ಮನೆತನದ ಮಾರ್ಕಿಸ್. ಅವನ ಕುದುರೆಗಾಡಿ ಇಕ್ಕಟ್ಟಾದ ಬೀದಿಯಲ್ಲಿ ಓಡಿ ಬಡವನೊಬ್ಬನ ಮಗುವನ್ನು ಕೊಲ್ಲುತ್ತದೆ. ಅವನು ಗಾಡಿಯಿಂದ ಇಳಿಯುವುದಿಲ್ಲ. ತಂದೆಯ ಕಡೆಗೆ ಒಂದು ಚಿನ್ನದ ನಾಣ್ಯ ಎಸೆಯುತ್ತಾನೆ, ಕುದುರೆಗಳಿಗೆ ಪೆಟ್ಟಾಯಿತೇ ಎಂದು ಚಿಂತಿಸುತ್ತಾನೆ. ಮಗು ಕಳೆದುಕೊಂಡ ಆ ತಂದೆ ಗಾಸ್ಪಾರ್ಡ್ ಅವನ ಅರಮನೆಗೇ ಹೋಗಿ ಅವನನ್ನು ಇರಿಯುತ್ತಾನೆ, ಬಳಿಕ ಊರ ಬಾವಿಕಟ್ಟೆಯ ಬಳಿ ಗಲ್ಲಿಗೇರುತ್ತಾನೆ. ಒಂದು ಸಾವಿಗೆ ಇನ್ನೊಂದು, ಅದಕ್ಕೆ ಮತ್ತೊಂದು.

ಸೆರೆಮನೆಯ ಡಾಕ್ಟರು

ಕಥೆಯ ನಡುಮನೆಯಲ್ಲಿ ಕುಳಿತವರು ಡಾಕ್ಟರ್ ಮ್ಯಾನೆಟ್. 1757ರ ಡಿಸೆಂಬರಿನ ಒಂದು ರಾತ್ರಿ ಎವ್ರೆಮೊಂಡ್ ಮನೆಯ ಅವಳಿ ಸಹೋದರರು ಅವರನ್ನು ಚಿಕಿತ್ಸೆಗೆಂದು ಕರೆದೊಯ್ಯುತ್ತಾರೆ. ಅಲ್ಲಿ ಒಬ್ಬ ರೈತ ಹೆಣ್ಣುಮಗಳು ಬುದ್ಧಿಭ್ರಮಣೆಯಾಗಿ ಚೀರುತ್ತಿದ್ದಾಳೆ. ಅವಳನ್ನು ಕಾಪಾಡಲು ಬಂದ ತಮ್ಮ ಕತ್ತಿಯ ಗಾಯದಿಂದ ಸಾಯುತ್ತಿದ್ದಾನೆ. ಇಬ್ಬರೂ ಆ ಸಹೋದರರ ಕಾಮಕ್ಕೂ ಸೊಕ್ಕಿಗೂ ಬಲಿಯಾದವರು. ಡಾಕ್ಟರು ಬಾಯಿ ಮುಚ್ಚಿಕೊಳ್ಳಲಿಲ್ಲ, ಮಂತ್ರಿಗೆ ದೂರು ಬರೆದರು. ಫಲವಾಗಿ ಬಾಸ್ಟಿಲ್ಲಿನ ಉತ್ತರ ಗೋಪುರದ 105ನೇ ಕೋಣೆಯಲ್ಲಿ 18 ವರ್ಷ ಕಳೆದರು.

ಇದಕ್ಕೂ ಇತಿಹಾಸದ ಆಧಾರವಿದೆ. ರಾಜಮುದ್ರೆಯ ಒಂದು ಪತ್ರ ಇದ್ದರೆ ಸಾಕು, ವಿಚಾರಣೆ ಇಲ್ಲದೆ ಯಾರನ್ನಾದರೂ ಬಂಧಿಸಬಹುದಿತ್ತು. ಪ್ರಭಾವ ಉಳ್ಳವರಿಗೆ ಅಂಥ ಪತ್ರ ದೊರಕಿಸಿಕೊಳ್ಳುವುದು ಕಷ್ಟವಾಗಿರಲಿಲ್ಲ. ಆದರೆ 1789ರ ಜುಲೈ 14ರಂದು ಜನ ಬಾಸ್ಟಿಲ್ಲಿನ ಬಾಗಿಲು ಒಡೆದಾಗ ಒಳಗೆ ಸಿಕ್ಕಿದ ಕೈದಿಗಳು ಏಳೇ ಮಂದಿ. ಆ ಕಲ್ಲುಕೋಟೆ ಖಾಲಿಯಾಗುತ್ತಾ ಬಂದಿತ್ತು, ಅದರ ಮೇಲಿನ ಭಯ ಮಾತ್ರ ಜನರ ಎದೆಯಲ್ಲಿ ತುಂಬಿಕೊಂಡೇ ಇತ್ತು.

ಸೆರೆಯಲ್ಲಿ ಮ್ಯಾನೆಟ್ ಬೂಟು ಹೊಲಿಯುವುದನ್ನು ಕಲಿಯುತ್ತಾರೆ. ಬಿಡುಗಡೆಯಾದ ಮೇಲೂ ಪ್ಯಾರಿಸ್ಸಿನ ಅಟ್ಟದ ಕೋಣೆಯಲ್ಲಿ ಹೆಸರು ಮರೆತು ಬಗ್ಗಿ ಬೂಟು ಹೊಲಿಯುತ್ತಾ ಕುಳಿತಿರುತ್ತಾರೆ. ತಂದೆ ಸತ್ತರೆಂದು ನಂಬಿಕೊಂಡು ಬೆಳೆದ ಮಗಳು ಲೂಸಿ ಅಲ್ಲಿಗೆ ಬಂದು ಅವರ ತಲೆಯನ್ನು ತನ್ನ ಎದೆಗೆ ಒರಗಿಸಿಕೊಳ್ಳುತ್ತಾಳೆ. ಲಂಡನ್ನಿಗೆ ಕರೆದೊಯ್ದು ದಿನದಿನವೂ ಆರೈಕೆ ಮಾಡಿ ತಂದೆಯನ್ನು ಮನುಷ್ಯರ ನಡುವೆ ಮರಳಿ ತರುತ್ತಾಳೆ. ಮುದುಕರ ಮಂಚದ ಬಳಿ ಕುಳಿತು ಅವರ ಹಳೆಯ ಭಯಗಳನ್ನು ಸಹಿಸಿದ ನಮ್ಮ ಮನೆಗಳ ಹೆಣ್ಣುಮಕ್ಕಳಿಗೆ ಲೂಸಿಯನ್ನು ಬೇರೆಯಾಗಿ ಪರಿಚಯಿಸಬೇಕಿಲ್ಲ.

ಲೂಸಿ ಮದುವೆಯಾಗುವುದು ಚಾರ್ಲ್ಸ್ ಡಾರ್ನೆ ಎಂಬ ಯುವಕನನ್ನು. ಅವನು ಎವ್ರೆಮೊಂಡ್ ಮನೆತನದ ಕುಡಿ. ಹಿರಿಯರ ಅನ್ಯಾಯವನ್ನು ಅಸಹ್ಯಪಟ್ಟು ಆಸ್ತಿ, ಬಿರುದು, ಹೆಸರು ಎಲ್ಲವನ್ನೂ ತ್ಯಜಿಸಿ ಲಂಡನ್ನಿನಲ್ಲಿ ಫ್ರೆಂಚ್ ಪಾಠ ಹೇಳಿ ಬದುಕುತ್ತಾನೆ. ಮದುವೆಯ ದಿನ ಬೆಳಿಗ್ಗೆ ಅವನ ನಿಜವಾದ ಹೆಸರು ತಿಳಿದ ಮ್ಯಾನೆಟ್, ಮದುಮಕ್ಕಳು ಹೊರಟ ಮೇಲೆ ಒಂಬತ್ತು ದಿನ ಮತ್ತೆ ಬೂಟಿನ ಮಣೆಗೆ ಮರಳುತ್ತಾರೆ. ಆದರೂ ಅಳಿಯನನ್ನು ದ್ವೇಷಿಸುವುದಿಲ್ಲ. ಶತ್ರುವಿನ ಮಗನನ್ನು ಮಗನೆಂದು ಒಪ್ಪಿಕೊಳ್ಳುತ್ತಾರೆ.

ಹೆಣಿಗೆಯಲ್ಲಿ ಬರೆದ ಹೆಸರುಗಳು

ಮ್ಯಾನೆಟ್ ಎದುರಿಗೆ ಡಿಕನ್ಸರು ಇನ್ನೊಬ್ಬಳನ್ನು ನಿಲ್ಲಿಸುತ್ತಾರೆ. ಸೇಂಟ್ ಆಂಟ್ವಾನಿನ ದ್ರಾಕ್ಷಾರಸದ ಅಂಗಡಿಯ ಒಡತಿ ಮದಾಮ್ ಡೆಫಾರ್ಜ್. ಸದಾ ಉಣ್ಣೆ ಹೆಣೆಯುತ್ತಾ ಕುಳಿತಿರುವ ಅವಳ ಹೆಣಿಗೆಯಲ್ಲಿ ಸಾಯಬೇಕಾದವರ ಹೆಸರುಗಳು ಗುಪ್ತ ಸಂಕೇತದಲ್ಲಿ ಸೇರುತ್ತಾ ಹೋಗುತ್ತವೆ. ಅವಳ ಗುಟ್ಟು ನಮಗೆ ತಿಳಿಯುವುದು ಕಥೆಯ ಕೊನೆಗೆ. ಸತ್ತ ಆ ರೈತ ಹೆಣ್ಣುಮಗಳ ತಂಗಿಯೇ ಇವಳು. ಅಕ್ಕ, ಭಾವ, ಅಣ್ಣ, ತಂದೆ ಎಲ್ಲರನ್ನೂ ಆ ಮನೆತನದಿಂದಾಗಿ ಕಳೆದುಕೊಂಡವಳು.

ಇಲ್ಲಿ ನಾವು ಸ್ವಲ್ಪ ನಿಂತು ಯೋಚಿಸಬೇಕು. ಮ್ಯಾನೆಟ್ ಮತ್ತು ಮದಾಮ್ ಡೆಫಾರ್ಜ್ ಇಬ್ಬರಿಗೂ ಗಾಯ ಮಾಡಿದ ಕೈ ಒಂದೇ, ರಾತ್ರಿಯೂ ಒಂದೇ. ಅವಳ ನೋವು ಅವರ ನೋವಿಗಿಂತ ಕಡಿಮೆಯಲ್ಲ. ನ್ಯಾಯ ಕೇಳುವ ಹಕ್ಕೂ ಅವಳಿಗಿತ್ತು. ಆದರೆ ಅವಳ ಕೋಪ ತಪ್ಪು ಮಾಡಿದವರ ಬಳಿ ನಿಲ್ಲಲಿಲ್ಲ. ಆ ಮನೆಯ ಹೆಸರು ತ್ಯಜಿಸಿದ ಡಾರ್ನೆ ಸಾಯಬೇಕು, ಅವನ ಹೆಂಡತಿ ಸಾಯಬೇಕು, ಅವರ ಪುಟ್ಟ ಮಗಳೂ ಸಾಯಬೇಕು ಎನ್ನುತ್ತದೆ. ಗಂಡ ಸಾಕೆಂದರೂ ಕೇಳುವುದಿಲ್ಲ.

ಇತಿಹಾಸವೂ ಹೀಗೆಯೇ ಜಾರಿತು. 1789ರ ಆಗಸ್ಟ್ 26ರಂದು ಮಾನವ ಹಕ್ಕುಗಳ ಘೋಷಣೆ ಬಂತು, ಅದು ಇಂದಿಗೂ ಜಗತ್ತಿಗೆ ಬೆಲೆಯುಳ್ಳದ್ದು. ಮುಂದಿನ ವರ್ಷ ಜುಲೈ 12ರಂದು ಗುರುಗಳನ್ನು ಸರ್ಕಾರದ ನೌಕರರಾಗಿಸುವ ಶಾಸನ ಬಂತು, ಪ್ರಮಾಣ ಮಾಡದ ಗುರುಗಳು ದೇಶದ್ರೋಹಿಗಳೆನಿಸಿದರು. 1792ರ ಸೆಪ್ಟೆಂಬರ್ ಮೊದಲ ವಾರ ಗುಂಪುಗಳು ಪ್ಯಾರಿಸ್ಸಿನ ಸೆರೆಮನೆಗಳಿಗೆ ನುಗ್ಗಿ ಸಾವಿರಕ್ಕೂ ಹೆಚ್ಚು ಮಂದಿಯನ್ನು ಕೊಂದವು. ಅವರಲ್ಲಿ ಇನ್ನೂರಕ್ಕೂ ಹೆಚ್ಚು ಗುರುಗಳಿದ್ದರು. 191 ಮಂದಿಯನ್ನು 1926ರಲ್ಲಿ ಧರ್ಮಸಭೆ ಧನ್ಯರೆಂದು ಸಾರಿತು. ಕಾದಂಬರಿಯಲ್ಲಿ ಡಾರ್ನೆ ಆಗ ಇದ್ದದ್ದು ಲಾ ಫೋರ್ಸ್ ಎಂಬ ಸೆರೆಮನೆಯಲ್ಲಿ. ಹಳೆಯ ಸೇವಕನೊಬ್ಬನ ಪ್ರಾಣ ಉಳಿಸಲೆಂದು ಲಂಡನ್ನಿನಿಂದ ಬಂದು ಸಿಕ್ಕಿಬಿದ್ದಿದ್ದ. ಬಾಸ್ಟಿಲ್ಲಿನ ಕೈದಿ ಎಂಬ ತಮ್ಮ ಗೌರವವನ್ನೇ ಬಳಸಿ ಮ್ಯಾನೆಟ್ ಅಳಿಯನನ್ನು ಆ ಹತ್ಯಾಕಾಂಡದಿಂದ ಪಾರುಮಾಡುತ್ತಾರೆ.

1793ರ ಸೆಪ್ಟೆಂಬರ್ 17ರಂದು ಸಂದೇಹಿತರ ಕಾಯಿದೆ ಬಂದ ಮೇಲೆ ಯಾರ ಮೇಲೂ ಬೆರಳು ತೋರಿಸಬಹುದಾಯಿತು. ಆ ಭಯದ ಆಳ್ವಿಕೆಯಲ್ಲಿ ದೇಶದಾದ್ಯಂತ ಸುಮಾರು 17,000 ಜನ ಮರಣದಂಡನೆಗೆ ಗುರಿಯಾದರು. ಅವರಲ್ಲಿ ಹತ್ತಕ್ಕೆ ಎಂಟು ಮಂದಿ ಶ್ರೀಮಂತರೂ ಅಲ್ಲ, ಗುರುಗಳೂ ಅಲ್ಲ. ರೈತರು, ಕೂಲಿಯವರು, ಕುಶಲಕರ್ಮಿಗಳು, ಅಂದರೆ ಯಾರ ಹೆಸರಿನಲ್ಲಿ ಕ್ರಾಂತಿ ನಡೆಯಿತೋ ಅವರೇ.

ಚಿಮಣಿಯಲ್ಲಿ ಅಡಗಿದ್ದ ಕಾಗದ

ಕಾದಂಬರಿಯ ಅತ್ಯಂತ ನೋವಿನ ಘಟನೆ ನ್ಯಾಯಾಲಯದಲ್ಲಿ ನಡೆಯುತ್ತದೆ. ಒಂದು ವರ್ಷ ಮೂರು ತಿಂಗಳ ಸೆರೆಯ ಬಳಿಕ ಡಾರ್ನೆಗೆ ಬಿಡುಗಡೆಯಾಗುತ್ತದೆ. ಅದೇ ದಿನ ಮತ್ತೆ ಬಂಧನ. ದೂರು ಕೊಟ್ಟವರು ಮೂವರು: ಡೆಫಾರ್ಜ್, ಅವನ ಹೆಂಡತಿ, ಮೂರನೆಯವರು ಸ್ವತಃ ಡಾಕ್ಟರ್ ಮ್ಯಾನೆಟ್! ಡಾಕ್ಟರು ಬೆಚ್ಚಿ ಬೀಳುತ್ತಾರೆ. ಆಗ ಡೆಫಾರ್ಜ್ ಒಂದು ಕಾಗದವನ್ನು ಮುಂದಿಡುತ್ತಾನೆ. 1767ರ ಕೊನೆಯ ತಿಂಗಳಲ್ಲಿ ಮ್ಯಾನೆಟ್ ಸೆರೆಯೊಳಗೆ ಚಿಮಣಿಯ ಮಸಿಗೆ ತಮ್ಮದೇ ರಕ್ತ ಬೆರೆಸಿ, ತುಕ್ಕು ಹಿಡಿದ ಕಬ್ಬಿಣದ ಮೊನೆಯಿಂದ ಬರೆದು ಅಡಗಿಸಿಟ್ಟಿದ್ದ ಕಾಗದ ಅದು. ಅದರ ಕೊನೆಯಲ್ಲಿ ಅವರು ಎವ್ರೆಮೊಂಡ್ ವಂಶದ ಕೊನೆಯ ಕುಡಿಯವರೆಗೂ ಶಾಪ ಹಾಕಿದ್ದರು.

ಅವರೇ ಮರೆತಿದ್ದ ಶಾಪ ಮಗಳ ಗಂಡನ ಕೊರಳಿಗೆ ಬಂದು ಬಿತ್ತು. ಕ್ಷಮಿಸಿದ ಮನಸ್ಸನ್ನು ಯಾರೂ ಸಾಕ್ಷಿಗೆ ಕರೆಯಲಿಲ್ಲ, ಶಪಿಸಿದ ಕಾಗದ ಸಾಕ್ಷಿ ಹೇಳಿತು.

ನಮ್ಮ ಮನೆಗಳಲ್ಲೂ ಇಂಥ ಕಾಗದಗಳಿಲ್ಲವೇ? ಆಸ್ತಿ ಭಾಗದ ದಿನ ಅಣ್ಣ ತಮ್ಮನಿಗೆ ಆಡಿದ ಮಾತು, ಮದುವೆ ಮಾತುಕತೆ ಮುರಿದಾಗ ಹಾಕಿದ ಹಿಡಿಶಾಪ, 'ಆ ಮನೆಯ ಹೊಸಿಲು ತುಳಿಯಬೇಡಿ' ಎಂದು ಮಕ್ಕಳಿಗೆ ಹೇಳಿಹೋದ ಮಾತು. ಹೇಳಿದವರು ಸಮಾಧಾನವಾಗಿ ಕಣ್ಣುಮುಚ್ಚಿರಬಹುದು. ಮಾತು ಮಾತ್ರ ಗೋಡೆಯ ಸಂದಿಯಲ್ಲಿ ಕಾದು ಕುಳಿತು ಮೊಮ್ಮಕ್ಕಳ ಕಾಲಕ್ಕೆ ಹೊರಬರುತ್ತದೆ.

ಡಾರ್ನೆಯ ತಾಯಿ ಬೇರೆ ದಾರಿ ಹಿಡಿದಿದ್ದಳು ಎಂಬುದನ್ನು ಅದೇ ಕಾಗದ ಹೇಳುತ್ತದೆ. ಅವಳು ಪುಟ್ಟ ಮಗನನ್ನು ಕರೆದುಕೊಂಡು ಡಾಕ್ಟರರ ಬಳಿ ಬಂದು, ಆ ಸತ್ತ ಹೆಣ್ಣಿನ ತಂಗಿ ಎಲ್ಲಿದ್ದಾಳೆ, ಅವಳಿಗೆ ಸಹಾಯ ಮಾಡಬೇಕು ಎಂದು ಕೇಳಿಕೊಂಡಿದ್ದಳು. ಮಾಡದ ತಪ್ಪಿಗೆ ಪ್ರಾಯಶ್ಚಿತ್ತ ಬಯಸಿದ ತಾಯಿ ಅವಳು. ಆ ತಂಗಿಯ ವಿಳಾಸ ಡಾಕ್ಟರರಿಗೂ ತಿಳಿದಿರಲಿಲ್ಲ. ಸಿಕ್ಕಿದ್ದರೆ ಕಥೆ ಬೇರೆಯಾಗುತ್ತಿತ್ತೋ ಏನೋ.

ಪ್ರಯೋಜನಕ್ಕೆ ಬಾರದವನು

ಇನ್ನುಳಿದವನು ಸಿಡ್ನಿ ಕಾರ್ಟನ್. ಬುದ್ಧಿವಂತ ವಕೀಲ, ಆದರೆ ಕುಡುಕ. ತನ್ನ ಬುದ್ಧಿಯನ್ನು ಇನ್ನೊಬ್ಬನ ಏಳಿಗೆಗೆ ಮಾರಿಕೊಂಡು ತನಗೆ ತಾನೇ ಬೇಡವಾದವನು. ನೋಡಲು ಡಾರ್ನೆಯಂತೆಯೇ ಇದ್ದಾನೆ. 1780ರಲ್ಲಿ ಲಂಡನ್ನಿನ ನ್ಯಾಯಾಲಯದಲ್ಲಿ ಡಾರ್ನೆ ದೇಶದ್ರೋಹದ ಆರೋಪದಿಂದ ಪಾರಾದದ್ದು ಈ ಹೋಲಿಕೆಯಿಂದಲೇ. ಲೂಸಿಯನ್ನು ಪ್ರೀತಿಸಿದರೂ ತಾನು ಅವಳಿಗೆ ತಕ್ಕವನಲ್ಲವೆಂದು ಅರಿತಿದ್ದಾನೆ. ಅವಳಿಗೂ ಅವಳಿಗೆ ಪ್ರಿಯರಾದವರಿಗೂ ಪ್ರಾಣ ಕೊಡಲು ಸಿದ್ಧ ಎಂದು ಒಮ್ಮೆ ಹೇಳಿರುತ್ತಾನೆ.

ಡಾರ್ನೆಯ ಸಾವು ಖಚಿತವಾಗುತ್ತಿದ್ದ ಹೊತ್ತಿನಲ್ಲಿ ಕಾರ್ಟನ್ ರಾತ್ರಿಯಿಡೀ ಪ್ಯಾರಿಸ್ಸಿನ ಬೀದಿಗಳಲ್ಲಿ ನಡೆಯುತ್ತಾನೆ. ಕೆಸರು ದಾಟಲಾಗದೆ ನಿಂತ ಒಂದು ಪುಟ್ಟ ಹುಡುಗಿಯನ್ನು ಎತ್ತಿ ಆಚೆ ಬಿಡುತ್ತಾನೆ. ಬಾಲ್ಯದಲ್ಲಿ ತಂದೆಯ ಸಮಾಧಿಯ ಬಳಿ ಓದಿದ ಮಾತುಗಳು ಅವನ ಕಿವಿಯಲ್ಲಿ ಮೊಳಗುತ್ತವೆ. ಲಾಸರನ ಮರಣದ ಬಳಿಕ ಪ್ರಭು ಯೇಸು ಮಾರ್ತಳಿಗೆ ಪುನರುತ್ಥಾನದ ವಿಷಯವಾಗಿ ಹೇಳಿದ, ಸಂತ ಯೊವಾನ್ನರ ಶುಭಸಂದೇಶದ 11ನೇ ಅಧ್ಯಾಯದ ಮಾತುಗಳು ಅವು. ಎಷ್ಟೋ ವರ್ಷ ದೇವಾಲಯದ ದಾರಿ ಮರೆತವನಲ್ಲಿ ಬಾಲ್ಯದ ಒಂದು ವಚನ ಹೀಗೆ ಎಚ್ಚರಗೊಳ್ಳುತ್ತದೆ. ಮಕ್ಕಳಿಗೆ ಕಲಿಸಿದ್ದು ವ್ಯರ್ಥವಾಯಿತೆಂದು ಕೊರಗುವ ತಂದೆತಾಯಿಗಳಿಗೆ ಇದೊಂದು ಸಾಂತ್ವನ.

ಮರುದಿನಗಳ ಕಥೆ ನಮಗೆ ಗೊತ್ತು. ಕೊನ್ಸಿಯೆರ್ಜೆರಿ ಸೆರೆಮನೆಯೊಳಗೆ ಹೋಗಿ, ಡಾರ್ನೆಗೆ ಮತ್ತಿನ ಮದ್ದು ಉಸಿರಾಡಿಸಿ, ಬಟ್ಟೆ ಬದಲಾಯಿಸಿಕೊಂಡು, ತಾನು ಅಲ್ಲೇ ಉಳಿಯುತ್ತಾನೆ. ಬ್ಯಾಂಕಿನ ಹಿರಿಯ ಜಾರ್ವಿಸ್ ಲಾರಿ ಉಳಿದವರನ್ನು ಗಾಡಿಯಲ್ಲಿ ಗಡಿಯ ಕಡೆಗೆ ಕರೆದೊಯ್ಯುತ್ತಾರೆ. ಅವರನ್ನು ಹಿಡಿಯಲು ಬಂದ ಮದಾಮ್ ಡೆಫಾರ್ಜ್, ಲೂಸಿಯ ದಾದಿ ಮಿಸ್ ಪ್ರಾಸ್ ಜೊತೆ ಹೋರಾಡುವಾಗ ತನ್ನದೇ ಪಿಸ್ತೂಲಿನ ಗುಂಡಿಗೆ ಬಲಿಯಾಗುತ್ತಾಳೆ.

ಆ ದಿನ ಸಾಯಬೇಕಾದವರು 52 ಮಂದಿ. ಅವರಲ್ಲಿ ಒಬ್ಬಳು ಹೊಲಿಗೆ ಮಾಡಿ ಬದುಕುವ ಇಪ್ಪತ್ತರ ಬಡ ಹುಡುಗಿ, ಮಾಡದ ಪಿತೂರಿಗೆ ಶಿಕ್ಷೆ ಹೊಂದಿದವಳು. ಇವನು ಡಾರ್ನೆ ಅಲ್ಲವೆಂದು ಗುರುತಿಸಿದವಳು ಅವಳೊಬ್ಬಳೇ. ಅವನ ಕೈ ಹಿಡಿದುಕೊಳ್ಳಬಹುದೇ ಎಂದು ಕೇಳುತ್ತಾಳೆ. ಕೊನೆಯವರೆಗೂ ಅವನು ಆ ಕೈ ಬಿಡುವುದಿಲ್ಲ. ಅವಳು 22ನೆಯವಳು, ಅವನು 23ನೆಯವನು. ಡಿಕನ್ಸರ ದೊಡ್ಡತನ ಇಲ್ಲಿದೆ: ಕಾರ್ಟನ್ ಪ್ರಾಣ ಕೊಟ್ಟದ್ದು ತಾನು ಪ್ರೀತಿಸಿದವಳಿಗಾಗಿ, ಆದರೆ ಕೊನೆಯ ಗಳಿಗೆಯ ಧೈರ್ಯವನ್ನು ಅವನು ಹಂಚಿಕೊಂಡದ್ದು ಪರಿಚಯವೇ ಇಲ್ಲದ ಒಬ್ಬ ಬಡವಳ ಜೊತೆ.

ನಿಜವಾದ ಹದಿನಾರು ಮಂದಿ

ಇದು ಕಥೆಯಲ್ಲವೇ ಎನ್ನಬಹುದು. ಕಥೆಯ ಪ್ರಕಾರ ಕಾರ್ಟನ್ ಸತ್ತದ್ದು 1793ರ ಕೊನೆಗೆ. ಏಳೆಂಟು ತಿಂಗಳಲ್ಲಿ ಅದೇ ಕೊನ್ಸಿಯೆರ್ಜೆರಿಗೆ ಕೊಂಪಿಯೇನಿನ 16 ಮಂದಿಯನ್ನು ತರಲಾಯಿತು. 1792ರಲ್ಲಿ ಅವರನ್ನು ಮಠದಿಂದ ಹೊರಹಾಕಲಾಗಿತ್ತು. ಸಣ್ಣ ಗುಂಪುಗಳಾಗಿ ಬಾಡಿಗೆ ಮನೆಗಳಲ್ಲಿ ಪ್ರಾರ್ಥನಾ ಜೀವನ ಮುಂದುವರಿಸಿದ ಅವರು, ದೇಶಕ್ಕೆ ಶಾಂತಿ ಬರಲೆಂದು ತಮ್ಮನ್ನು ಬಲಿಯಾಗಿ ಅರ್ಪಿಸುವ ಪ್ರಾರ್ಥನೆಯನ್ನು ದಿನವೂ ಹೇಳುತ್ತಿದ್ದರು. ಸೆರೆಯಲ್ಲೇ ಕಾರ್ಮೆಲ್ ಮಾತೆಯ ಹಬ್ಬ ಆಚರಿಸಿದರು. ಮರುದಿನ, 1794ರ ಜುಲೈ 17ರಂದು, ವಿಚಾರಣೆ ಮತ್ತು ಮರಣ ಎರಡೂ ನಡೆದವು. ಅವರು ಸ್ತುತಿಗೀತೆಗಳನ್ನು ಹಾಡುತ್ತಾ ವಧಾಸ್ಥಾನಕ್ಕೆ ಹೋದರು. ಮೊದಲು ಎಳೆಯ ನವಶಿಷ್ಯೆ ಸಿಸ್ಟರ್ ಕಾನ್‌ಸ್ಟನ್ಸ್, ಕೊನೆಗೆ ಎಲ್ಲರನ್ನೂ ಕಳುಹಿಸಿಕೊಟ್ಟು ಮಠದ ಮದರ್. ಹತ್ತೇ ದಿನಗಳಲ್ಲಿ ರೋಬೆಸ್ಪಿಯರನ ಅಧಿಕಾರ ಮುರಿದುಬಿತ್ತು. ಜಗದ್ಗುರು ಹತ್ತನೇ ಪಯಸ್ ಅವರು 1906ರಲ್ಲಿ ಇವರನ್ನು ಧನ್ಯರೆಂದೂ, ಜಗದ್ಗುರು ಫ್ರಾನ್ಸಿಸ್ ಅವರು 2024ರ ಡಿಸೆಂಬರ್ 18ರಂದು ಸಂತರೆಂದೂ ಸಾರಿದರು.

ಬಟ್ಟೆ ಬದಲಾದ ಪ್ರಸಂಗ ಇವರ ಜೀವನದಲ್ಲೂ ಇದೆ. ಕೊಂಪಿಯೇನಿನಲ್ಲಿ ಇವರ ಜೊತೆ ಇಂಗ್ಲೆಂಡಿನ ಬೆನೆಡಿಕ್ಟೀನ್ ಸೋದರಿಯರೂ ಸೆರೆಯಲ್ಲಿದ್ದರು. ಕಾರ್ಮೆಲ್ ಸೋದರಿಯರನ್ನು ಪ್ಯಾರಿಸ್ಸಿಗೆ ಎಳೆದೊಯ್ದಾಗ ಅವರು ಬಿಟ್ಟುಹೋದ ಸಾದಾ ಉಡುಪುಗಳು ಈ ಬೆನೆಡಿಕ್ಟೀನರಿಗೆ ದೊರೆತವು. 1795ರಲ್ಲಿ ಬಿಡುಗಡೆಯಾಗಿ ಅವರು ಇಂಗ್ಲೆಂಡಿಗೆ ಮರಳಿದ್ದು ಆ ಉಡುಪುಗಳನ್ನೇ ತೊಟ್ಟುಕೊಂಡು. ಸತ್ತವರ ಬಟ್ಟೆಯಲ್ಲಿ ಬದುಕಿದವರು ಸಮುದ್ರ ದಾಟಿದರು.

ಆ ಬಿರುಗಾಳಿ ನಮ್ಮ ನಾಡನ್ನೂ ಮುಟ್ಟಿದೆ. 1792ರಲ್ಲಿ ಫ್ರಾನ್ಸಿನಲ್ಲಿ ಗುರುದೀಕ್ಷೆ ಪಡೆದ ಯುವಕನೊಬ್ಬ ಅದೇ ವರ್ಷ ದೇಶ ಬಿಟ್ಟು ಭಾರತಕ್ಕೆ ಬಂದರು. ಅವರೇ ಅಬ್ಬೆ ದ್ಯುಬುವಾ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯಲ್ಲಿ ಚದುರಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಿದರು, ಸಿಡುಬಿನ ಲಸಿಕೆ ಹಾಕಿಸಲು ದುಡಿದರು, 1823ರವರೆಗೆ ಇಲ್ಲೇ ಜನರ ನಡುವೆ ಜನರಂತೆ ಬದುಕಿದರು. ತಾಯ್ನಾಡಿನಲ್ಲಿ ಕಂಡ ದ್ವೇಷಕ್ಕೆ ಅವರು ಕೊಟ್ಟ ಉತ್ತರ ಪರನಾಡಿನ ಸೇವೆ.

1784ರ ಸೆರೆಯ ಕಥೆಯನ್ನು ಅಜ್ಜಿಯ ಬಾಯಿಂದ ಕೇಳಿ ಬೆಳೆದ ಕರಾವಳಿಯ ಕುಟುಂಬಗಳು ನಮ್ಮ ನಡುವೆ ಬಹಳ ಇವೆ. ನೆನಪು ಬೇಕು, ಮರೆಯುವುದು ಸತ್ತವರಿಗೆ ಮಾಡುವ ಅನ್ಯಾಯ. ಆದರೆ ಅದನ್ನು ಮಕ್ಕಳ ಕೈಗೆ ಹೇಗೆ ಕೊಡುತ್ತೇವೆ ಎಂಬುದು ನಮಗೆ ಬಿಟ್ಟದ್ದು. ಮದಾಮ್ ಡೆಫಾರ್ಜಳ ಹೆಣಿಗೆಯಂತೆ ಕೊಡಬಹುದು, ಕಾರ್ಟನ್ ಕಿವಿಯಲ್ಲಿ ಮೊಳಗಿದ ವಚನದಂತೆಯೂ ಕೊಡಬಹುದು.

ಈ ಹಬ್ಬದ ದಿನ ಪೂಜೆಗೆ ಹೋಗುವ ಮುನ್ನ ನಮ್ಮ ಮನೆಯ ಗೋಡೆಯ ಸಂದಿಯಲ್ಲಿ ಯಾವ ಕಾಗದ ಅಡಗಿದೆ ಎಂದು ಒಮ್ಮೆ ನೋಡೋಣ. ಬರೆದವರು ಇನ್ನೂ ಬದುಕಿದ್ದರೆ, ಅವರ ಕೈಯಿಂದಲೇ ಅದನ್ನು ಹರಿಸೋಣ. ಬರೆದವರು ನಾವೇ ಆಗಿದ್ದರೆ, ಇಂದೇ ಹರಿಯೋಣ.